ಬಚ್ಚಲುಮನೆಯ ಲೆಕ್ಕ

ಮೂವತ್ತೊಂದು ವರ್ಷಗಳ ಕಾಲ ಪ್ರೌಢಶಾಲೆಯಲ್ಲಿ ಗಣಿತವನ್ನು ಬೋಧಿಸಿ ನಿವೃತ್ತನಾದವನು ನಾನು. ‘ಕಾಲ ಮತ್ತು ಕೆಲಸ’ ಎಂಬ ಅಧ್ಯಾಯವನ್ನು ಎಷ್ಟು ಸಲ ಪಾಠ ಮಾಡಿದೆನೋ ನೆನಪಿಲ್ಲ. ಹನ್ನೆರಡು ಮಂದಿ ಎಂಟು ದಿನಗಳಲ್ಲಿ ಒಂದು ಗೋಡೆಯನ್ನು ಕಟ್ಟಿದರೆ, ಹದಿನಾರು ಮಂದಿ ಅದೇ ಗೋಡೆಯನ್ನು ಎಷ್ಟು ದಿನಗಳಲ್ಲಿ ಕಟ್ಟಿಯಾರು? ಆರು ದಿನ. ಹುಡುಗರು ಉತ್ತರ ಹೇಳುತ್ತಿದ್ದರು, ನಾನು ಸರಿ ಎನ್ನುತ್ತಿದ್ದೆ, ಗಂಟೆ ಹೊಡೆಯುತ್ತಿತ್ತು. ಆ ಹದಿನಾರು ಮಂದಿಗೆ ನಡುಹಗಲಿನಲ್ಲಿ ಅನ್ನ ಬೇಯಿಸಿ ಬಡಿಸಿದವರಾರು, ಅವರು ಕಲಸಿದ ಗಾರೆಗೆ ನೀರು ಹೊತ್ತವರಾರು ಎಂದು ಒಬ್ಬ ಹುಡುಗನೂ ಕೇಳಲಿಲ್ಲ. ಕೇಳಿದ್ದರೆ ಅಧಿಕಪ್ರಸಂಗಿಯೆಂದು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆನೋ ಏನೋ. ಆ ಪ್ರಶ್ನೆ ನನಗೇ ಹೊಳೆದದ್ದು ನಿವೃತ್ತಿಯಾದ ಮೇಲೆ, ಉಮ್ಮತ್ತೂರಿನ ನಮ್ಮ ಹಳೆಯ ಮನೆಯ ಬಚ್ಚಲಿನಲ್ಲಿ, ಕೈಯಲ್ಲಿ ಕರಣೆ ಹಿಡಿದು ಕುಕ್ಕರುಗಾಲಿನಲ್ಲಿ ಕುಳಿತಿದ್ದಾಗ.

ಚಾಮರಾಜನಗರ ತಾಲ್ಲೂಕಿನ ಈ ಊರಿನ ಹೆಸರನ್ನು ಚರಿತ್ರೆ ಓದಿದವರು ಬಲ್ಲರು. 1509ರಲ್ಲಿ ವಿಜಯನಗರದ ಪಟ್ಟವೇರಿದ ಕೃಷ್ಣದೇವರಾಯನು ಮೊದಮೊದಲಲ್ಲಿಯೇ ದಂಡೆತ್ತಿ ಬಂದದ್ದು ಉಮ್ಮತ್ತೂರಿನ ಗಂಗರಾಜನ ಮೇಲೆ. ಶಿವನಸಮುದ್ರದ ಕೋಟೆ ಬಿದ್ದಿತು. ಗಂಗರಾಜನು ಕಾವೇರಿಯ ಪಾಲಾದನು. ಗೆದ್ದವರ ರಾಜಧಾನಿಯಲ್ಲಿ ರಾಣಿಯ ಸ್ನಾನಗೃಹವೆಂಬ ಭವ್ಯವಾದ ಕಟ್ಟಡವೊಂದು ಇನ್ನೂ ನಿಂತಿದೆ. ಯಾತ್ರಿಕರು ಅದರ ಒಣಗಿದ ಕೊಳದ ಸುತ್ತ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಸೋತವರ ಊರಿನಲ್ಲಿ ಭುಜಂಗೇಶ್ವರನ ಗುಡಿ ಉಳಿದಿದೆ, ಶಾಸನಗಳು ಉಳಿದಿವೆ. ಅರಸರು ಎಲ್ಲಿ ಮೀಯುತ್ತಿದ್ದರೆಂಬುದನ್ನು ಹೇಳುವವರಿಲ್ಲ. ಇರಲಿ. ನಾನು ಹೇಳಹೊರಟದ್ದು ಅರಸರ ಬಚ್ಚಲಿನ ವಿಚಾರವನ್ನಲ್ಲ. ಎಂಟು ಅಡಿ ಉದ್ದ, ಐದು ಅಡಿ ಅಗಲದ ನಮ್ಮ ಮನೆಯ ಬಚ್ಚಲಿನದು.

ನಮ್ಮ ತಾತನ ಕಾಲದ ಬಚ್ಚಲು ಅದು. ಮಣ್ಣಿನ ಗೋಡೆ, ನಾಡಹೆಂಚಿನ ಸೂರು, ನಡುವೆ ಒಂದು ಗಾಜಿನ ಹೆಂಚು. ಬೆಳಿಗ್ಗೆ ಎಂಟು ಗಂಟೆಗೆ ಆ ಗಾಜಿನಿಂದ ಇಳಿಯುವ ಬಿಸಿಲುಕೋಲಿನಲ್ಲಿ ಒಲೆಯ ಹೊಗೆ ನೀಲಿಯಾಗಿ ಸುತ್ತುವುದನ್ನು ನೋಡುತ್ತ, ಕಣ್ಣಿಗೆ ಸೀಗೆಪುಡಿ ಬಿದ್ದು ಅತ್ತ ಮಕ್ಕಳು ಮೂರು ತಲೆಮಾರಿನವರು. ಮೂಲೆಯಲ್ಲಿ ಗಾರೆಯಿಂದ ಕಟ್ಟಿದ ಒಲೆ. ಅದರೊಳಗೆ ಕತ್ತಿನವರೆಗೆ ಹುದುಗಿ ಕುಳಿತ ತಾಮ್ರದ ಹಂಡೆ. ಹಂಡೆ ನಮ್ಮ ತಾಯಿಯ ಮದುವೆಯಲ್ಲಿ ತವರಿನಿಂದ ಬಂದದ್ದು. ಮಗ್ಗುಲಲ್ಲಿ ತಣ್ಣೀರಿನ ತೊಟ್ಟಿ, ಎದುರಿಗೆ ಮೀಯುವ ಕಲ್ಲು. ಮೂಲೆಯ ತೂಬಿನಿಂದ ನೀರು ಹಿತ್ತಲಿನ ಬಾಳೆಗಿಡಗಳ ಬುಡಕ್ಕೆ ಹೋಗುತ್ತಿತ್ತು. ಹೋಗಬೇಕಾಗಿತ್ತು ಎಂದರೆ ಹೆಚ್ಚು ಸರಿ. ನೆಲ ಕುಸಿದು, ಮೀಯುವ ಕಲ್ಲಿನ ಸುತ್ತ ನೀರು ನಿಂತು, ಪಾಚಿ ಕಟ್ಟಿ ಹತ್ತು ವರ್ಷಗಳೇ ಆಗಿದ್ದುವು. ನಾನು ಮೈಸೂರಿನಿಂದ ಹಬ್ಬಹುಣ್ಣಿಮೆಗಳಿಗೆ ಬಂದು, ಎರಡು ದಿನ ಮಿಂದು, ‘ಇದನ್ನು ಸರಿಮಾಡಿಸಬೇಕಕ್ಕ’ ಎಂದು ಹೇಳಿ ಹೊರಟುಹೋಗುತ್ತಿದ್ದೆ. ಆ ಮನೆಯಲ್ಲಿ ಒಬ್ಬಳೇ ಇರುವ ನನ್ನ ಅಕ್ಕ, ಎಪ್ಪತ್ತೆರಡು ವರ್ಷದವಳು, ‘ಆಯ್ತು ಬುಡಪ್ಪ’ ಎನ್ನುತ್ತಿದ್ದಳು.

2024ರ ದೀಪಾವಳಿಯಲ್ಲಿ, ನೀರು ತುಂಬುವ ಹಬ್ಬದ ಸಂಜೆ, ಹುಣಿಸೆಹಣ್ಣು ಹಾಕಿ ತಿಕ್ಕಿದ ಹಂಡೆಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊನೆಯ ಕೊಡವನ್ನು ಬಗ್ಗಿಸುವಾಗ ಅಕ್ಕ ಜಾರಿ ಬಿದ್ದಳು. ಬಲಗೈಯ ಮಣಿಕಟ್ಟು ಮುರಿಯಿತು. ಬಿದ್ದವಳ ದೇಹ ಬಾಗಿಲಿಗೆ ಅಡ್ಡವಾಗಿತ್ತು. ಬಾಗಿಲು ಒಳಕ್ಕೆ ತೆರೆಯುವಂಥದು. ಕೂಗು ಕೇಳಿ ಓಡಿಬಂದ ನೆರೆಮನೆಯವರು ಬಾಗಿಲನ್ನು ತಳ್ಳಲೂ ಆಗದೆ ಬಿಡಲೂ ಆಗದೆ, ಕೊನೆಗೆ ಸೂರಿನ ಹೆಂಚು ತೆಗೆದು ಒಬ್ಬ ಹುಡುಗನನ್ನು ಒಳಗೆ ಇಳಿಸಬೇಕಾಯಿತು. ಈ ಸುದ್ದಿಯನ್ನು ದೂರವಾಣಿಯಲ್ಲಿ ಕೇಳಿದಾಗ ನನಗೆ ಮೊದಲು ನೆನಪಾದದ್ದು ನನ್ನ ‘ಸರಿಮಾಡಿಸಬೇಕಕ್ಕ’ ಎಂಬ ಮಾತು.

ಪಶ್ಚಾತ್ತಾಪಪಟ್ಟವನಿಗೆ ಉತ್ಸಾಹ ಹೆಚ್ಚು. ಪೇಟೆಯ ಗುತ್ತಿಗೆದಾರರೊಬ್ಬರು ಬಂದು ನೋಡಿ, ಎಲ್ಲ ಸೇರಿ 75,000 ರೂಪಾಯಿ ಆಗುತ್ತದೆಂದರು. ನಾನು ಮನಸ್ಸಿನಲ್ಲಿಯೇ ನಕ್ಕೆ. ನಾನು ಗಣಿತದ ಮೇಷ್ಟ್ರು. ನನ್ನ ಹತ್ತಿರ ವಿರಾಮವಿದೆ, ಎರಡು ಕೈಗಳಿವೆ. ಹನ್ನೆರಡು ನಿಮಿಷದಲ್ಲಿ ಒಂದು ಬಚ್ಚಲನ್ನು ಕೆಡವಿ ಕಟ್ಟಿ ತೋರಿಸುವ ಚಲನಚಿತ್ರಗಳು ಕೈಫೋನಿನಲ್ಲಿ ಬೇಕಾದಷ್ಟಿವೆ. ನಾನೇ ಮಾಡಿದರೆ ಎಷ್ಟಾದೀತು? ಉತ್ತರಪತ್ರಿಕೆಯ ಹಿಂಬದಿಯಲ್ಲಿ ಅಂದಾಜು ಬರೆದೆ. ನೆಲ ನಲವತ್ತು ಚದರಡಿ. ಗೋಡೆಗೆ ನಾಲ್ಕಡಿ ಎತ್ತರದವರೆಗೆ, ಬಾಗಿಲನ್ನು ಕಳೆದು, ತೊಂಬತ್ತನಾಲ್ಕು. ಒಡೆದು ಹಾಳಾಗುವುದಕ್ಕೆ ನೂರಕ್ಕೆ ಹತ್ತು. ಹತ್ತಿರ ಹತ್ತಿರ 150 ಚದರಡಿ ಟೈಲ್ಸು, ಅಡಿಗೆ 42ರಂತೆ 6,300. ಸಿಮೆಂಟು ಹತ್ತು ಮೂಟೆಗೆ 4,000. ಎಂ-ಸ್ಯಾಂಡು, ಜಲ್ಲಿ 4,500. ಕೊಳವೆ, ನಲ್ಲಿ, ನಹಾನಿ ಟ್ರ್ಯಾಪು 5,200. ಗೀಸರು 7,500. ಬಾಗಿಲು 3,500. ಕರಣೆ, ರಸಮಟ್ಟ, ತೂಗುಗುಂಡು ಮುಂತಾದ ಸಲಕರಣೆಗೆ ಒಂದು ಸಾವಿರ, ‘ಇತರೆ’ಗೆ ಒಂದು ಸಾವಿರ. ಒಟ್ಟು 33,000. ಕೂಲಿ ಎಂಬ ಅಂಕಣದಲ್ಲಿ ದುಂಡಾದ ಒಂದು ಸೊನ್ನೆಯನ್ನು ಬರೆದು, ಅದರ ಅಂದವನ್ನು ನಾನೇ ನೋಡಿ ಮೆಚ್ಚಿದೆ. ಉಳಿತಾಯ 42,000!

ಸಿಮೆಂಟಿನ ವಿಷಯದಲ್ಲಿ ಒಂದು ಮಾತು ಅಡ್ಡ ಬರುತ್ತದೆ; ಗಣಿತದವನ ಚಪಲ, ವಾಚಕರು ಕ್ಷಮಿಸಬೇಕು. ನಾನು ಮೂಟೆಗಳನ್ನು ಕೊಂಡದ್ದು 2025ರ ಏಪ್ರಿಲಿನಲ್ಲಿ. ಆಗ ಸಿಮೆಂಟಿನ ಮೇಲೆ ಸರಕು ಮತ್ತು ಸೇವಾ ತೆರಿಗೆ ನೂರಕ್ಕೆ 28. ಅದೇ ವರ್ಷ ಸೆಪ್ಟೆಂಬರ್ 22ರಿಂದ ಅದು 18ಕ್ಕೆ ಇಳಿಯಿತು. ನನ್ನ 4,000ದಲ್ಲಿ ಮೂಲ ಬೆಲೆ 3,125. ಐದು ತಿಂಗಳು ತಾಳಿದ್ದರೆ, ಇಳಿಕೆಯೆಲ್ಲ ಕೊಳ್ಳುವವನ ಕೈಗೆ ಬಂದಿದ್ದರೆ, 312 ರೂಪಾಯಿ 50 ಪೈಸೆ ಉಳಿಯುತ್ತಿತ್ತು. ಈ ಲೆಕ್ಕವನ್ನು ಅಕ್ಕನಿಗೆ ಹೇಳಿದಾಗ ಅವಳು, ಪಟ್ಟಿ ಬಿಚ್ಚಿದ್ದರೂ ಇನ್ನೂ ಪೂರ್ತಿ ಮಡಚಲಾಗದ ತನ್ನ ಮಣಿಕಟ್ಟನ್ನು ನೀವಿಕೊಳ್ಳುತ್ತ ಸುಮ್ಮನಿದ್ದಳು.

ಕೆಲಸ ಮೊದಲಾಯಿತು. ಕೆಡವುವುದು ಸುಲಭ, ಸಂತೋಷಕರ ಕೂಡ. ಮೊದಲನೆಯ ದಿನ ಸಂಜೆಗೆ ನನ್ನ ಅಂದಾಜಿನ ಮೊದಲ ತಪ್ಪು ಹಿತ್ತಲಿನಲ್ಲಿ ಎದೆಮಟ್ಟ ರಾಶಿಯಾಗಿ ಬಿದ್ದಿತ್ತು: ಒಡೆದ ಗಾರೆ, ಕಲ್ಲು, ಮಣ್ಣು. ಅದು ತಾನಾಗಿ ಎಲ್ಲಿಗೂ ಹೋಗುವುದಿಲ್ಲ, ಟ್ರ್ಯಾಕ್ಟರಿಗೆ 1,800. ಎರಡನೆಯ ದಿನ ಗೋಡೆಯ ಬುಡ ಕಂಡಿತು. ಹತ್ತು ವರ್ಷ ನೀರು ಕುಡಿದ ಮಣ್ಣು ಬೆರಳಿಟ್ಟರೆ ಉದುರುತ್ತಿತ್ತು. ಮೂರಡಿ ಎತ್ತರಕ್ಕೆ ಇಟ್ಟಿಗೆಯಿಂದ ಹೊಸದಾಗಿ ಕಟ್ಟದೆ ವಿಧಿಯಿರಲಿಲ್ಲ, ಇಟ್ಟಿಗೆಗೆ 2,700. ಮೂರನೆಯ ದಿನ ತೂಬನ್ನು ಅಗೆದಾಗ, ನೀರು ಬಾಳೆಗಿಡಕ್ಕೆ ಹೋಗುತ್ತಿದ್ದುದು ಬಹುಕಾಲದ ಹಿಂದಿನ ಮಾತೆಂದೂ, ಈಗ ಅದು ಅಡಿಗೆಮನೆಯ ತಳಪಾಯದ ಕಡೆಗೆ ದಾರಿ ಮಾಡಿಕೊಂಡಿದೆಯೆಂದೂ ತಿಳಿಯಿತು. ನನ್ನ ಅಂದಾಜು ಕಣ್ಣಿಗೆ ಕಾಣುವುದಕ್ಕೆ ಮಾತ್ರ ಬರೆದದ್ದಾಗಿತ್ತು.

ಈ ಹಂತದಲ್ಲಿ ನಾನು ಸೋಲೊಪ್ಪಿ ಊರಿನ ಗಾರೆಮೇಸ್ತ್ರಿಯೊಬ್ಬರನ್ನು ಕರೆದೆ. ಅವರು ಬಂದರು, ಬೀಡಿ ಹಚ್ಚಿದರು, ನೆಲವನ್ನು ನೋಡಿದರು. ಮೂಲೆಯಲ್ಲಿ ಅಂದವಾಗಿ ಜೋಡಿಸಿಟ್ಟಿದ್ದ ನನ್ನ ಟೈಲ್ಸಿನ ಪೆಟ್ಟಿಗೆಗಳನ್ನೂ ನೋಡಿದರು. “ಮೇಷ್ಟ್ರೇ, ಮೇಗಡೆದ ನೋಡಕ ಜನ ಬತ್ತರ. ಕೆಳಗಡೆದ ನೋಡಕ ನೀರು ಬತ್ತದ” ಎಂದರು. ಆ ಒಂದು ಮಾತಿಗೆ ಅವರ ಐದು ದಿನದ ಕೂಲಿ 5,000 ಸಂದಿತೆಂದು ನನ್ನ ಭಾವನೆ. ಕೆಲಸ ಮಾಡಿದ್ದು ಉಚಿತ.

ಮೇಸ್ತ್ರಿಯ ಮಾತು ಹೊಸದೇನೂ ಅಲ್ಲ. ಸಿಂಧೂ ಕಣಿವೆಯ ಮೊಹೆಂಜೊದಾರೊ ನಗರವನ್ನು ಅಗೆದವರು ಅಲ್ಲಿ ಮನೆಮನೆಗೂ ಇಟ್ಟಿಗೆ ಹಾಸಿದ ಮೀಯುವ ಜಗಲಿಯನ್ನೂ, ಅದರಿಂದ ಬೀದಿಯ ಮೋರಿಗೆ ಇಳಿಜಾರಾಗಿ ಹೊರಡುವ ಕಾಲುವೆಯನ್ನೂ ಕಂಡರು. ಅಲ್ಲಿನ ದೊಡ್ಡ ಕೊಳದ ಇಟ್ಟಿಗೆಯ ಹಿಂದೆ ನೀರು ಸೋರದಂತೆ ನೆಲದೆಣ್ಣೆಯ ಕೀಲು ಬಳಿದಿದ್ದರು. ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ಜನ. ಅವರು ದುಡ್ಡನ್ನೂ ದುಡಿಮೆಯನ್ನೂ ಮೊದಲು ಸುರಿದದ್ದು ಕಣ್ಣಿಗೆ ಕಾಣದ ಜಾಗಕ್ಕೆ. ನಾವಾದರೋ ಗುಜರಾತಿನ ಮೋರ್ಬಿಯಿಂದ ಬಂದ ಹೊಳಪಿನ ಬಿಲ್ಲೆಯ ಮೇಲಿನ ಹೂವಿನ ಬಣ್ಣವನ್ನು ಆರಿಸಲು ಅರ್ಧ ದಿನ ಕಳೆಯುತ್ತೇವೆ; ನೆಲದ ಇಳಿಜಾರನ್ನು ಕುರಿತು ಅಂಗಡಿಯಲ್ಲಿ ಒಬ್ಬರೂ ಮಾತನಾಡುವುದಿಲ್ಲ. ಐದು ಅಡಿಗೆ ಒಂದು ಅಂಗುಲ ಇಳಿಜಾರು. ಇದಕ್ಕೆ ಬೇಕಾಗುವುದು ನೂಲು, ರಸಮಟ್ಟ ಮತ್ತು ತಾಳ್ಮೆ. ಬಣ್ಣದ ಬಿಲ್ಲೆಗಿಂತ ಅಗ್ಗ. ಮೇಸ್ತ್ರಿ ಕಾಂಕ್ರೀಟಿನ ಹಾಸನ್ನು ಇಳಿಜಾರಾಗಿ ಹಾಕಿ, ನೀರು ಸೋರದ ಲೇಪವನ್ನು ಗೋಡೆಯ ಮೇಲೆ ಒಂದಡಿ ಎತ್ತರದವರೆಗೂ ಹತ್ತಿಸಿ ಬಳಿದು, ತೂಬಿನ ಬಾಯಿಗೆ ಚಿಂದಿ ತುರುಕಿ, ನೆಲದ ತುಂಬ ನೀರು ಕಟ್ಟಿ ಎರಡು ರಾತ್ರಿ ಬಿಟ್ಟರು. ಸುಣ್ಣದ ಗೆರೆ ಎಳೆದು ನೀರಿನ ಮಟ್ಟವನ್ನು ಗುರುತಿಸಿದ್ದೆವು. ಮಟ್ಟ ಇಳಿದಿರಲಿಲ್ಲ. ಹಿತ್ತಲಿನ ಇಂಗುಗುಂಡಿಗೂ ಅಲ್ಲಿಗೆ ಹೋಗುವ ಕೊಳವೆಗೂ 4,800 ಆಯಿತು. ತುಂಬಿ ಹರಿದದ್ದು ಬಾಳೆಗೆ ಹೋಗುವಂತೆ ಒಂದು ಕವಲು ಬಿಟ್ಟೆವು.

ಜಲ್ಲಿಯ ವಿಚಾರವಾಗಿಯೂ ಹೇಳಬೇಕು. 2022ರ ಮಾರ್ಚ್ ತಿಂಗಳಲ್ಲಿ ನಮ್ಮ ಜಿಲ್ಲೆಯದೇ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯ ಗುಡ್ಡದಲ್ಲಿ ಕಲ್ಲುಗಣಿ ಕುಸಿದು ಕೆಲಸಗಾರರು ಬಂಡೆಗಳ ಅಡಿಯಲ್ಲಿ ಸಿಕ್ಕಿ ಸತ್ತರು. ಆಗ ಪತ್ರಿಕೆಯಲ್ಲಿ ಓದಿ ಮಡಚಿಟ್ಟಿದ್ದೆ. ಜಲ್ಲಿಯ ರಾಶಿಯನ್ನು ಬಾಂಡಲಿಗೆ ತುಂಬುವಾಗ ಅದು ನೆನಪಿಗೆ ಬಂತು. ನಾನು ಕೊಟ್ಟ ಬೆಲೆಯಲ್ಲಿ ಆ ಅಪಾಯದ ಬಾಬತ್ತು ಎಷ್ಟು ಪೈಸೆ? ಮಾರಿದವರ ರಸೀದಿಯಲ್ಲಿ ಅಂಥ ಅಂಕಣವಿರಲಿಲ್ಲ.

ಇಷ್ಟಾದರೂ ನಾನು ಮಾಡಿದ ದೊಡ್ಡ ತಪ್ಪು ಇವೊಂದೂ ಅಲ್ಲ. ಐದನೆಯ ದಿನ ಮಧ್ಯಾಹ್ನ, ಉಂಡು ಕುಳಿತಿದ್ದಾಗ, ಅಂದವಾಗಿ ಕಾಣಲೆಂದು ನೆಲಕ್ಕೆ ಆರಿಸಿ ತಂದಿದ್ದ ಬಿಳಿಯ ಬಿಲ್ಲೆಯೊಂದನ್ನು ಅಕ್ಕನಿಗೆ ತೋರಿಸಿದೆ. ಅವಳು ಅದನ್ನು ಅಂಗಳದಲ್ಲಿ ಇಡಿಸಿ, ಚೊಂಬಿನಿಂದ ಅದರ ಮೇಲೆ ನೀರು ಸುರಿದು, ಎರಡು ತೊಟ್ಟು ಎಣ್ಣೆ ಬಿಟ್ಟು, ಕಂಬವನ್ನು ಹಿಡಿದುಕೊಂಡು ಒಂದು ಪಾದ ಊರಿದಳು. ಪಾದ ಸರ್ರನೆ ಜಾರಿತು.

“ಇದರ ಮೇಲ ನಾನು ಹೆಂಗ ನಿಂತ್ಕಳ್ಳನ ತಮ್ಮಾ?”

ನನಗೆ ಬಾಯಿ ಬರಲಿಲ್ಲ. ಯಾರು ಬಿದ್ದರೆಂದು ಈ ಕೆಲಸವನ್ನು ಕೈಗೊಂಡೆನೋ ಅವಳನ್ನು, ಹಣ ಕೊಟ್ಟು ಸಾಮಾನೆಲ್ಲ ತಂದಾದ ಮೇಲೆ, ಐದನೆಯ ದಿನ, ಅದೂ ಮೆಚ್ಚುಗೆಯ ಮಾತು ಕೇಳುವ ಆಸೆಯಿಂದ, ಮೊದಲ ಬಾರಿಗೆ ಕೇಳಿದ್ದೆ. ಅಂದಾಜಿನಲ್ಲಿ ಸಿಮೆಂಟಿಗೆ ಜಾಗವಿತ್ತು, ಗೀಸರಿಗೆ ಜಾಗವಿತ್ತು, ಮೀಯುವವಳಿಗೆ ಇರಲಿಲ್ಲ.

ಅಂದು ಸಂಜೆಯವರೆಗೆ ನಾನು ಪೆನ್ಸಿಲು ಹಿಡಿದು ಕುಳಿತೆ, ಅವಳು ಹೇಳಿದಳು. ನೆಲಕ್ಕೆ ಬಿಲ್ಲೆ ಬೇಡ. ಕಲ್ಲಾಗಲಿ, ಅದೂ ಉಳಿಯೇಟಿನ ಒರಟು ಕಲ್ಲು. ನಮ್ಮ ಚಾಮರಾಜನಗರದ ಸೀಮೆಯ ಕರಿಕಲ್ಲು ನುಣುಪಾಗಿ ಹೊಳಪು ಪಡೆದು ಹಡಗು ಹತ್ತಿ ಹೊರದೇಶಗಳಿಗೆ ಹೋಗುತ್ತದೆ; ಬಚ್ಚಲಿಗೆ ಬೇಕಾದದ್ದು ಆ ಹೊಳಪಲ್ಲ. ಹೊಳಪು ಕೊಡದ ಚಪ್ಪಡಿ ನಲವತ್ತು ಚದರಡಿಗೆ 2,200ಕ್ಕೆ ಸಿಕ್ಕಿತು. ನೆಲಕ್ಕೆಂದು ತಂದ ಬಿಲ್ಲೆಗಳು ಅಟ್ಟ ಸೇರಿದವು, ಈಗಲೂ ಅಲ್ಲಿವೆ. ಕುಕ್ಕರುಗಾಲಿನಲ್ಲಿ ಕೂರಲು ಮಂಡಿ ಒಪ್ಪುವುದಿಲ್ಲ; ಹಳೆಯ ಮೀಯುವ ಕಲ್ಲನ್ನೇ ಒಂದೂಕಾಲು ಅಡಿ ಎತ್ತರಕ್ಕೆ ಕೂರಿಸಿದರೆ ಕುಳಿತು ಮೀಯಬಹುದು. ಅಲ್ಲಿಂದ ಏಳುವಾಗ ಹಿಡಿಯಲು ಒಂದು ಕಂಬಿ, ಬಾಗಿಲ ಬಳಿ ಇನ್ನೊಂದು, ಎರಡಕ್ಕೂ 1,600. ಸೋಪು ಸೀಗೆಪುಡಿಯ ಗೂಡು ಎಲ್ಲಿ ಬೇಕೆಂದು ಕೇಳಿದರೆ, ಕುಳಿತು ಎಡಗೈ ಚಾಚಿ ಗೋಡೆಯ ಮೇಲೆ ಮಸಿಯಿಂದ ಗುರುತು ಹಾಕಿದಳು. ಬಲಗೈ ಇನ್ನು ಅಷ್ಟು ದೂರ ಹೋಗದು. ಬಾಗಿಲು ಹೊರಕ್ಕೆ ತೆರೆಯಬೇಕು. ಇದನ್ನು ಅವಳು ಎರಡು ಸಲ ಹೇಳಿದಳು. ವಾಚಕರಲ್ಲಿ ಹೊಸದಾಗಿ ಬಚ್ಚಲು ಕಟ್ಟಿಸುವವರಿದ್ದರೆ ಬೇರೆಲ್ಲವನ್ನು ಮರೆತರೂ ಇದೊಂದನ್ನು ಮರೆಯದಿರಲಿ: ಬಾಗಿಲು ಹೊರಕ್ಕೆ ತೆರೆಯಲು ಒಂದು ಕಾಸೂ ಹೆಚ್ಚು ಬೀಳುವುದಿಲ್ಲ.

ಹಂಡೆಯ ವಿಷಯದಲ್ಲಿ ಮಾತ್ರ ಜಗಳವಾಯಿತು. ನಾನು ಗೀಸರಿನ ಪಕ್ಷ. ಹೊಗೆ ಕಣ್ಣಿಗೆ, ಶ್ವಾಸಕೋಶಕ್ಕೆ ಕೆಟ್ಟದ್ದೆಂದು ಶಾಸ್ತ್ರೋಕ್ತವಾಗಿ ವಾದಿಸಿದೆ. ಅಕ್ಕ ಒಪ್ಪಿದಳು, ಆದರೆ ಕರೆಂಟು ಹೋದ ದಿನ ಏನು ಗತಿ ಎಂದಳು. ಹಿತ್ತಲಿನ ತೆಂಗಿನ ಗರಿ, ಕುರಂಬಾಳೆ ಸುಮ್ಮನೆ ಕೊಳೆಯಬೇಕೆ ಎಂದಳು. ಪಾತ್ರೆ ಬೆಳಗಲು ಬೂದಿಯನ್ನು ಎಲ್ಲಿಂದ ತರಲಿ ಎಂದಳು. ಮೊದಲನೆಯದಕ್ಕೆ ನನ್ನಲ್ಲಿ ಉತ್ತರವಿದ್ದಿತು, ಎರಡನೆಯದಕ್ಕೆ ಅರ್ಧ, ಮೂರನೆಯದಕ್ಕೆ ಇರಲಿಲ್ಲ. ಇಬ್ಬರ ಹಟವನ್ನೂ ಮುರಿದವರು ಮೇಸ್ತ್ರಿ: ಹಂಡೆ ಒಳಗೇ ಇರಲಿ, ಒಲೆಯ ಬಾಯಿಯನ್ನು ಗೋಡೆಯ ಆಚೆಗೆ ತೆಗೆದುಬಿಡೋಣ, ಸೌದೆ ಹೊರಗಿನಿಂದ, ಹೊಗೆ ಹೊರಕ್ಕೆ, ಬಿಸಿನೀರು ಒಳಗೆ. ಹಲವು ಹಳೆಯ ಮನೆಗಳಲ್ಲಿ ಹೀಗಿತ್ತಂತೆ. ಒಲೆ ಕಟ್ಟಲು 2,400. ಗೀಸರಿನ 7,500 ಉಳಿಯಿತು. ಹೊಗೆಯ ನೀಲಿ ಬಿಸಿಲುಕೋಲು ಹೋಯಿತು; ಅದನ್ನು ಕಳೆದುಕೊಂಡು ಮರುಗುವವನು ನಾನೊಬ್ಬನೇ, ಕೆಮ್ಮುತ್ತಿದ್ದವಳಲ್ಲ.

ದೀಪ, ಬಾಗಿಲಾಚೆಯ ಸ್ವಿಚ್ಚು, ಭೂಸಂಪರ್ಕದ ತಂತಿ ಇವಕ್ಕೆ 1,900 ಕೊಟ್ಟು ಬಲ್ಲವರಿಂದಲೇ ಮಾಡಿಸಿದೆ. ಒದ್ದೆ ನೆಲದ ಮೇಲೆ ವಿದ್ಯುತ್ತಿನೊಡನೆ ಸ್ವಾವಲಂಬನೆಯ ಪ್ರಯೋಗ ನಡೆಸಬಾರದು. ಗೋಡೆಗೆ ಬಿಲ್ಲೆ ಅಂಟಿಸುವುದನ್ನು ನಾನೇ ಮಾಡಿದೆ. ಅದು ಕಲಿಯಬಹುದಾದ ಕೆಲಸ. ಆದರೆ ನೂರಕ್ಕೆ ಹತ್ತೆಂದು ನಾನು ಬಿಟ್ಟ ಒಡಕಿನ ಪ್ರಮಾಣ ಮೇಸ್ತ್ರಿಗಳ ಕೈಗೆ ಸರಿ. ಮೇಷ್ಟ್ರುಗಳ ಕೈಗೆ ಇಪ್ಪತ್ತೈದು ಬೇಕು. ಇನ್ನೊಮ್ಮೆ ಪೇಟೆಗೆ ಹೋಗಿ ತಂದದ್ದಕ್ಕೆ, ಆಟೋ ಬಾಡಿಗೆ ಸೇರಿ, 1,900. ಇಪ್ಪತ್ತಮೂರನೆಯ ದಿನ ಕೆಲಸ ಮುಗಿಯಿತು. ಕೈಯಿಂದ ಹೋದ ಹಣ 49,800.

33,000 ಹೋಗಿ 49,800 ಆದರೂ ಗುತ್ತಿಗೆಯ 75,000ಕ್ಕಿಂತ 25,200 ಕಡಿಮೆಯೇ ಅಲ್ಲವೆ ಎಂದು ವಾಚಕರು ಕೇಳಬಹುದು. ನನಗೂ ಹಾಗೆಯೇ ತೋರಿತು. ಆ ರಾತ್ರಿ ಲೆಕ್ಕವನ್ನು ಶುದ್ಧಪ್ರತಿ ಮಾಡುವಾಗ ಕೂಲಿಯ ಅಂಕಣದ ಸೊನ್ನೆ ಕಣ್ಣಿಗೆ ಬಿತ್ತು. ಈ ಸಲ ಅದು ಅಂದವಾಗಿ ಕಾಣಲಿಲ್ಲ.

ಇಪ್ಪತ್ತಮೂರು ದಿನ ನಾನು ದುಡಿದಿದ್ದೆ. ಕೈಯಾಳಿಗೆ ನಮ್ಮಲ್ಲಿ ಕೊಡುವ ದಿನಕ್ಕೆ 600ರಂತೆ ಹಿಡಿದರೂ 13,800. ನೆರೆಮನೆಯ ಇಬ್ಬರು ನಾಲ್ಕು ನಾಲ್ಕು ದಿನ ಬಂದು ಚಪ್ಪಡಿ ಹೊತ್ತಿದ್ದರು, ಇಂಗುಗುಂಡಿ ತೋಡಿದ್ದರು: 4,800. ಆಮೇಲೆ ಅಕ್ಕ. ಎಲ್ಲರಿಗೂ ಎರಡು ಹೊತ್ತು ಅಡಿಗೆ, ಮೂರು ಹೊತ್ತು ಕಾಫಿ, ಹಸಿ ಗಾರೆಗೆ ಬೆಳಿಗ್ಗೆ ಸಂಜೆ ನೀರು ಹನಿಸುವುದು, ಸಲಕರಣೆ ತೊಳೆದಿಡುವುದು, ನಾನು ಎಲ್ಲೆಲ್ಲೋ ಇಟ್ಟು ಮರೆತ ತೂಗುಗುಂಡನ್ನು ಹುಡುಕಿಕೊಡುವುದು. ಮುರಿದು ಕೂಡಿದ ಕೈಯಲ್ಲಿ. ಮೊದಲು ‘ಅರ್ಧ ದಿನ’ ಎಂದು ಬರೆದೆ. ಅವಳು ಏಳುತ್ತಿದ್ದುದು ಐದಕ್ಕೆ, ಮಲಗುತ್ತಿದ್ದುದು ಹತ್ತಕ್ಕೆ ಎಂಬುದು ನೆನಪಾಗಿ ‘ಅರ್ಧ’ವನ್ನು ಹೊಡೆದುಹಾಕಿದೆ. ಅವಳಿಗೂ 13,800. ಕೂಲಿಯ ಮೊತ್ತ 32,400; ಎಲ್ಲ ಸೇರಿ 82,200. ಗುತ್ತಿಗೆದಾರರು ಕೇಳಿದ್ದಕ್ಕಿಂತ 7,200 ಹೆಚ್ಚು.

ಆದ್ದರಿಂದ ‘ನಾವೇ ಮಾಡಿಕೊಂಡರೆ ಅಗ್ಗ’ ಎಂಬ ಮಾತನ್ನು ನಾನು ಈಗ ಒಪ್ಪುವುದಿಲ್ಲ. ಅದು ಅಗ್ಗವಾಗಿ ಕಾಣುವುದು ಯಾರದೋ ದುಡಿಮೆಯನ್ನು ಬರೆಯದೆ ಬಿಟ್ಟಾಗ. ಬರೆಯದೆ ಬಿಟ್ಟದ್ದು ಯಾರದೆಂದು ಹುಡುಕಿದರೆ, ಹತ್ತರಲ್ಲಿ ಒಂಬತ್ತು ಸಲ ಅದು ಮನೆಯ ಹೆಂಗಸಿನದಾಗಿರುತ್ತದೆ. ಸರ್ಕಾರದ ಲೆಕ್ಕವೂ ಇದಕ್ಕೆ ಹೊರತಲ್ಲ. 2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಯೋಜನೆ ಆರಂಭವಾದಾಗ ಹಳ್ಳಿಯ ಬಡ ಮನೆಯೊಂದಕ್ಕೆ ಶೌಚಾಲಯ ಕಟ್ಟಿಕೊಳ್ಳಲು 12,000 ರೂಪಾಯಿ ಪ್ರೋತ್ಸಾಹಧನ ಗೊತ್ತಾಯಿತು. ಒಳ್ಳೆಯ ಕೆಲಸ; ಅದರಿಂದ ಎಷ್ಟೋ ಮನೆಗಳ ಹಿತ್ತಲಿನಲ್ಲಿ ಗೋಡೆ ಎದ್ದಿತು. ಆದರೆ ಆ ಮೊತ್ತದಲ್ಲಿ ಮೀಯುವುದಕ್ಕೆ ಎಷ್ಟು? 2011ರ ಜನಗಣತಿಯಂತೆ ದೇಶದಲ್ಲಿ ಮನೆಯ ಆವರಣದಲ್ಲಿ ಸೂರಿರುವ ಬಚ್ಚಲುಮನೆ ಇದ್ದದ್ದು ನೂರಕ್ಕೆ 42 ಕುಟುಂಬಗಳಿಗೆ. ಇನ್ನು ಹದಿನಾರರಷ್ಟಕ್ಕೆ ಸೂರಿಲ್ಲದ ಮರೆ. ಉಳಿದ ಮನೆಗಳ ಗಂಡಸರು ನಲ್ಲಿಯ ಕೆಳಗೋ ಬಾವಿಯ ಕಟ್ಟೆಯಲ್ಲೋ ಮಿಂದಾರು. ಹೆಂಗಸರು ಬೆಳಕು ಹರಿಯುವ ಮುನ್ನ, ಸೀರೆಯ ಮರೆಯಲ್ಲಿ, ಉಟ್ಟ ಬಟ್ಟೆಯಲ್ಲಿಯೇ ಮೀಯಬೇಕು. ಇದನ್ನು ಯೋಚಿಸಿದಾಗ ನಮ್ಮ ಪಾಚಿ ಹಿಡಿದ ಬಚ್ಚಲು ಕೂಡ ಶ್ರೀಮಂತಿಕೆಯಾಗಿಯೇ ಕಾಣುತ್ತದೆ.

ಹಾಗಾದರೆ ಪೂರ್ತಿ ಗುತ್ತಿಗೆಗೆ ಕೊಟ್ಟುಬಿಡುವುದು ಮೇಲೆ? ಅದನ್ನೂ ನಾನು ಹೇಳಲಾರೆ. ಗುತ್ತಿಗೆಯ ಬಚ್ಚಲು ಒಂದು ವಾರದಲ್ಲಿ ಮುಗಿಯುತ್ತಿತ್ತು. ಗೂಡು ಬಲಗೈಯ ಕಡೆಗೆ, ನಿಂತವನ ಎದೆಯ ಎತ್ತರಕ್ಕೆ ಬರುತ್ತಿತ್ತು. ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. ಇದಕ್ಕೆ ಗುತ್ತಿಗೆದಾರರನ್ನು ದೂರಿ ಫಲವಿಲ್ಲ, ನಾನೂ ಅದನ್ನೇ ಮಾಡಹೊರಟಿದ್ದೆನಲ್ಲ. ಇಪ್ಪತ್ತಮೂರು ದಿನ ಒಂದೇ ಸೂರಿನಡಿ ಉಂಡು ಮಲಗಿದ್ದರಿಂದ, ಐದನೆಯ ದಿನವಾದರೂ, ಅಕ್ಕನನ್ನು ಕೇಳುವ ಪ್ರಸಂಗ ಬಂತು. ಮುಂದೆ ಯಾರಾದರೂ ನನ್ನಲ್ಲಿಗೆ ಅಂದಾಜು ಬರೆಸಲು ಬಂದರೆ ಮೊದಲ ಸಾಲಿನಲ್ಲಿ ಮೀಯುವವರ ವಯಸ್ಸು, ಅವರ ಮಂಡಿ, ಅವರ ಕೈ ಎಷ್ಟು ದೂರ ಹೋಗುತ್ತದೆ ಎಂಬುದನ್ನು ಬರೆಸುತ್ತೇನೆ. ಎರಡನೆಯ ಸಾಲಿನಲ್ಲಿ ನೆಲದ ಕೆಳಗಿನದು. ಮೂರನೆಯದರಲ್ಲಿ ಮನೆಯವರ ಕೂಲಿ, ಗಂಡಸರದೂ ಹೆಂಗಸರದೂ. ಬಿಲ್ಲೆಯ ಬಣ್ಣಕ್ಕೆ ಕಾಗದದಲ್ಲಿ ಜಾಗ ಉಳಿದರೆ ನೋಡೋಣ.

ನೆರೆಮನೆಯ ಇಬ್ಬರಿಗೂ ಅವರವರ 2,400 ರೂಪಾಯಿಯನ್ನು ಲಕೋಟೆಯಲ್ಲಿ ಹಾಕಿ ಕೊಡಹೋದೆ. ಅವರು ಮುಟ್ಟಲಿಲ್ಲ. ಹಿರಿಯವರು ಸ್ವಲ್ಪ ನೊಂದುಕೊಂಡಂತೆಯೂ ಕಂಡಿತು. “ಇದು ಮುಯ್ಯಾಳು ಕನ ಮೇಷ್ಟ್ರೇ, ದುಡ್ಡು ಕೊಟ್ಟು ಕೆಡಸಬ್ಯಾಡಿ” ಎಂದರು. ಮುಯ್ಯಾಳೆಂದರೆ ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು; ಆಳಿಗೆ ಆಳು, ದಿನಕ್ಕೆ ದಿನ. ನಮ್ಮ ಸೀಮೆಯಲ್ಲಿ ನಾಟಿ ಕೊಯ್ಲುಗಳೆಲ್ಲ ಹೀಗೆ ಸಾಗುತ್ತಿದ್ದುವು. ಇದು ಸೊನ್ನೆಯಲ್ಲ, ರೂಪಾಯಿಯೂ ಅಲ್ಲ. ಪುಸ್ತಕದಲ್ಲಿ ಬರೆಯದೆ ಇದ್ದರೂ ಎರಡು ಮನೆಯವರೂ ಮರೆಯದ ಲೆಕ್ಕ. ಮೂವತ್ತೊಂದು ವರ್ಷ ‘ಕಾಲ ಮತ್ತು ಕೆಲಸ’ ಹೇಳಿಕೊಟ್ಟ ನನಗೆ ಇದು ಪಠ್ಯದ ಹೊರಗಿನ ಪಾಠವಾಯಿತು.

ಲಕೋಟೆಗಳನ್ನು ಅಕ್ಕನ ಮುಂದೆ ಇಟ್ಟು, ನಿನ್ನ 13,800ನ್ನೂ ಸೇರಿಸಿ ಕೊಡುತ್ತೇನೆಂದೆ. ಅವಳು ನಕ್ಕಳು. “ನನಗ ದುಡ್ಡು ಯಾಕ? ಅಡುಗಮನ ಹಿಂದಲ ಗೋಡೆನೂವ ನೆನದದ, ನೋಡಿದ್ಯಾ?” ಎಂದಳು. ನೋಡಿದ್ದೆ. ಅದಕ್ಕೆ ಇನ್ನೂ ಅಂದಾಜು ಬರೆದಿಲ್ಲ. ಅದಕ್ಕೆ ಮೊದಲು, ನೆರೆಮನೆಯ ಹಿರಿಯವರು ಮಳೆ ಹಿಡಿಯುವುದರೊಳಗೆ ಕೊಟ್ಟಿಗೆಯ ಹೆಂಚು ಇಳಿಸಿ ಹೊಸ ರೀಪು ಹೊಡೆಯಬೇಕೆಂದಿದ್ದಾರೆ. ನನ್ನನ್ನು ನಾಲ್ಕು ದಿನಕ್ಕೆ ಬರಹೇಳಿದ್ದಾರೆ.